ನೆಟ್ಟಗೆ ನಿಂತ ಪೀಠ

ಮರುಭೂಮಿಯಿಂದ ಬೀಸುವ ಹರ್ಮಟ್ಟಾನ್ ಒಣಗಾಳಿ ಶುರುವಾಗಿತ್ತು. ಅಪ್ಪ ಒಪೊಕು ತೀರಿಕೊಂಡ ನಲವತ್ತನೆಯ ದಿನದ ಬೆಳಿಗ್ಗೆ, ಸೆರ್ವಾ ಅವನ ಮರಗೆಲಸದ ಕೋಣೆಯಲ್ಲಿ ಕೂತು ಮರ ಉಜ್ಜುವ ಉಪ್ಪುಕಾಗದಗಳನ್ನು ವಿಂಗಡಿಸುತ್ತಿದ್ದಳು. ಒರಟಿನವು ಹಾಲುಪುಡಿ ಡಬ್ಬಕ್ಕೆ, ನಯದವು ಬಿಸ್ಕತ್ತಿನ ಡಬ್ಬಕ್ಕೆ. ಬಿಸ್ಕತ್ತಿನ ಡಬ್ಬದ ಮುಚ್ಚಳ ತೆಗೆದವಳ ಕೈ ಹಾಗೇ ನಿಂತಿತು. ನಿನ್ನೆ ಅವಳೇ ಇಟ್ಟಿದ್ದ ಹೊಸ ಹಾಳೆಗಳ ಮೇಲೆ ಸವೆದ ಹಾಳೆಯೊಂದಿತ್ತು. ಮೂರು ಮಡಿಕೆ, ಎಡಮೂಲೆ ಹರಿದಿದೆ. ಸವೆದದ್ದನ್ನು ಯಾರೂ ಮತ್ತೆ ತೆಗೆಯದಿರಲೆಂದು ಹಾಗೆ ಹರಿಯುತ್ತಿದ್ದವನು ಅಪ್ಪನೊಬ್ಬನೇ.

"ಅತ್ತೆ, ಇದನ್ನ ನೀನೇನಾದ್ರೂ ಮುಟ್ಟಿದ್ಯಾ?"

ಬಾಗಿಲಲ್ಲಿ ಕಸ ಗುಡಿಸುತ್ತಿದ್ದ ಅಪ್ಪನ ಅಕ್ಕ ಪೋಮಾ ನಕ್ಕಳು. "ನನ್ನ ಮೊಣಕಾಲು ಉಜ್ಜಿಕೊಳ್ಳೋಕೇ ಪುರುಸೊತ್ತಿಲ್ಲ, ನಿನ್ನ ಮರ ಉಜ್ತೀನಾ?" ಅಷ್ಟರಲ್ಲಿ ಅವಳ ಕಣ್ಣು ಮೂಲೆಯಲ್ಲಿದ್ದ, ಕೂರುವ ಮರದ ಪೀಠದತ್ತ ಹೋಯಿತು. "ಅಯ್ಯೋ, ಆ ಪೀಠ ನೆಟ್ಟಗೆ ಬಿಟ್ಟಿದ್ಯೇನೇ? ಖಾಲಿ ಪೀಠ ಕಂಡ್ರೆ ಸತ್ತವರು ಬಂದು ಕೂರ್ತಾರೆ ಅಂತ ಗೊತ್ತಿಲ್ವಾ? ಮೊದ್ಲು ಮಗ್ಗುಲಿಗೆ ವಾಲ್ಸು!"

ಊರಿಗೆಲ್ಲ ಪೀಠ ಕೆತ್ತಿಕೊಟ್ಟ ಅಪ್ಪ, ಸೆರ್ವಾ ಅಂಬೆಗಾಲಿಡುವಾಗಿನಿಂದ ಅವಳಿಗೂ ಒಂದು ಕೊಡುತ್ತೇನೆನ್ನುತ್ತ ಬಂದು, ಕೊನೆಗೆ ಇದನ್ನು ಕೆತ್ತಿ, ಉಜ್ಜುವ ಮೊದಲೇ ಹೋಗಿದ್ದ. ಅದನ್ನು ಬೇರೆಯವರಿಂದ ಮುಗಿಸಿಕೊಳ್ಳಲು ಅವಳಿಗೆ ಮನಸ್ಸಿರಲಿಲ್ಲ. ವಾಲಿಸಲೆಂದು ಬಾಗಿ ಕೈಯಿಟ್ಟಳು. ನಿನ್ನೆ ಅಂಗೈಗೆ ಸಿಬಿರು ಚುಚ್ಚಿದ್ದ ಆಸನ ಈಗ ನುಣ್ಣಗಿತ್ತು. ಬೆರಳಿಗೆ ಮರದ ಬಿಳಿ ಹುಡಿ ಅಂಟಿತು. ಕೆಳಗೆ ತಡವಿದಳು. ಅಡಿಭಾಗ ಮಾತ್ರ ಇನ್ನೂ ಒರಟಾಗಿತ್ತು.

"ವಾಲಿಸಿದ್ಯೇನೇ?"

"ಅಡಿ ಇನ್ನೂ ಬಾಕಿ ಇದೆ, ಅತ್ತೆ."

ಸೆರ್ವಾ ಡಬ್ಬದಿಂದ ನಯದ ಹೊಸ ಹಾಳೆಯೊಂದನ್ನು ತೆಗೆದು ಆಸನದ ಮೇಲಿಟ್ಟಳು. ಪೀಠವನ್ನು ನೆಟ್ಟಗೇ ಬಿಟ್ಟು, ಹೊರಗೆ ಬಂದು ಬಾಗಿಲೆಳೆದಳು.