ಅಪ್ಪ ಮಲಗಿದ್ದಾರೆ

ಮಗಳ ಕೈಯಿಂದ ಸ್ಟೀಲ್ ತಟ್ಟೆ ಜಾರಿತು. ಅದು ನೆಲಕ್ಕೆ ಬಿದ್ದು, ಗಿರಗಿರನೆ ತಿರುಗಿ, ಅಡುಗೆಮನೆಯಿಂದ ಹೊರಗುರುಳಿ ತಣ್ಣಗಾಗುವವರೆಗೆ ತಾಯಿ, ಮಗಳು ಇಬ್ಬರೂ ಉಸಿರು ಬಿಗಿಹಿಡಿದು ಮಲಗುವ ಕೋಣೆಯ ಬಾಗಿಲನ್ನೇ ನೋಡುತ್ತ ನಿಂತರು. ಯಾರ ನಿದ್ದೆ ಕೆಟ್ಟೀತೆಂದು ಹೆದರಿದ್ದರೋ ಆ ಯಜಮಾನರು ನಡುಮನೆಯ ಕುರ್ಚಿಯಲ್ಲಿ ಕಾಲು ಚಾಚಿ ಕೂತು ಇವರನ್ನೇ ನೋಡುತ್ತಿದ್ದರು.

ಮದುವೆಯಾದಾಗಿನಿಂದ ಅವರಿಗೆ ಪತ್ರಿಕೆಯ ಪ್ರೆಸ್ಸಿನಲ್ಲಿ ರಾತ್ರಿ ಪಾಳಿ. ಊರು ಏಳುವ ಹೊತ್ತಿಗೆ ಮನೆಗೆ ಬಂದು, ಕೈಯ ಮಸಿ ತೊಳೆದು ಮಲಗಿದರೆ ಸಂಜೆಗೇ ಏಳುವುದು. ಅದಕ್ಕೆಂದೇ ಬಾಗಿಲ ಚಿಲಕಕ್ಕೆ ಬಟ್ಟೆ ಸುತ್ತಿತ್ತು, ಕುರ್ಚಿಯ ಕಾಲುಗಳಿಗೆ ರಬ್ಬರ್ ಬಿರಡೆ ಬಿದ್ದಿತ್ತು. ಕರೆಗಂಟೆಯ ವೈರು ಕಿತ್ತು ಯಾವ ಕಾಲವಾಗಿತ್ತೋ! ಮಗಳು ಮಾತು ಕಲಿತದ್ದೇ ಪಿಸುದನಿಯಲ್ಲಿ. ನಗು ಬಂದರೆ ದಿಂಬಿಗೆ ಮುಖ ಒತ್ತಿ ನಗಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ತಾಯಿಯನ್ನು ನೋಡಿ ಕಲಿತಿದ್ದಳು. ಹೋದ ತಿಂಗಳು ಯಜಮಾನರು ನಿವೃತ್ತರಾದರು. ಈಗ ನಾಲ್ಕು ಜನರ ಹಾಗೆ ರಾತ್ರಿ ಮಲಗಿ ಬೆಳಿಗ್ಗೆ ಏಳುತ್ತಾರೆ. ಮನೆಗೆ ಮಾತ್ರ ಈ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ಅವರು ಎದ್ದು ತಟ್ಟೆಯನ್ನು ಎತ್ತಿ ಕಟ್ಟೆಯ ಮೇಲಿಟ್ಟರು. ಒಳಗೆ ಹೋಗಿ ಮಸಿಯ ಕಲೆಗಳಿದ್ದ ಹಳೆಯ ನೀಲಿ ಅಂಗಿ ತೊಟ್ಟು ಬಂದು ಚಪ್ಪಲಿ ಮೆಟ್ಟಿದರು.

"ಎಲ್ಲಿಗೆ ರೀ?" ಹೆಂಡತಿ ಮೆಲ್ಲಗೆ ಕೇಳಿದರು.

"ಪ್ರೆಸ್ಸಿಗೆ. ರಾತ್ರಿ ಕಾವಲಿಗೆ ಯಾರೋ ಬೇಕಂತೆ. ಒಪ್ಕೊಂಡು ಬರ್ತೀನಿ."

"ಈ ವಯಸ್ಸಲ್ಲಿ ಮತ್ತೆ ನಿದ್ದೆಗೆಡೋದಾ? ಇಲ್ಲಿ ಏನು ಕಡಿಮೆಯಾಗಿದೆ ಅಂತ?"

"ಏನೂ ಕಡಿಮೆ ಆಗಿಲ್ಲ. ನಾನೇ ಹೆಚ್ಚಾಗಿದೀನಿ." ಅವರು ಅಂಗಿಯ ಗುಂಡಿ ಹಾಕತೊಡಗಿದರು. "ನಾನು ಬಂದ ತಕ್ಷಣ ನಿಮ್ಮಿಬ್ಬರ ಬಾಯಿ ಕಟ್ಟುತ್ತೆ. ಏನಿದ್ರೂ ಕಿವಿಯಲ್ಲೇ ಗುಸುಗುಸು. ಹಗಲು ಹೊತ್ತು ನಿಮ್ಮ ಜೊತೆ ಇರೋಕೆ ಆಸೆಪಟ್ಟು ಕಾದವನು ನಾನು. ಇಲ್ಲಿ ನೋಡಿದ್ರೆ ಯಾರದೋ ಮನೆಗೆ ನುಗ್ಗಿದ ಹಾಗಿದೆ."

ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಮೊದಲು ಅರ್ಥವಾದದ್ದು ಮಗಳಿಗೆ.

"ಅಪ್ಪಾ, ನಾವು ಯಾವಾಗ್ಲೂ ಹೀಗೇ ಮಾತಾಡೋದು. ನೀವು ಮಲಗಿರ್ತಿದ್ರಿ, ನೋಡಿಲ್ಲ ಅಷ್ಟೇ." ಅದನ್ನೂ ಅವಳು ಪಿಸುದನಿಯಲ್ಲೇ ಹೇಳಿದಳು.

ಯಜಮಾನರು ಬಾಗಿಲಲ್ಲೇ ನಿಂತುಬಿಟ್ಟರು. ಹೆಂಡತಿಯ ಕಡೆ ತಿರುಗಿದಾಗ ಅವರ ಕಣ್ಣು ತುಂಬಿತ್ತು.

"ಆ ಮಿಷನ್ನಿನ ಗಲಾಟೆಯಿಂದ ಬಂದು ಇಲ್ಲಿ ತಲೆಯಿಟ್ರೆ ಎಂಥ ನಿದ್ದೆ ಬರ್ತಿತ್ತು ಗೊತ್ತೇನೇ? ಈ ಮನೆ ಗುಣಾನೇ ಹಾಗೆ ಅಂದ್ಕೊಂಡಿದ್ದೆ. ನೀವು ಮಾಡ್ತಿದ್ದ ಕೆಲಸ ಅಂತ ಗೊತ್ತೇ ಇರ್ಲಿಲ್ಲ."

"ಗೊತ್ತಾಗಬಾರದು ಅಂತಾನೇ ಅಲ್ವಾ ಮಾಡಿದ್ದು," ಎಂದರು ಆಕೆ.

ಅವರು ಚಪ್ಪಲಿ ಬಿಟ್ಟು, ಚಿಲಕದ ಬಟ್ಟೆಗೆ ಕೈ ಹಾಕಿದರು. ಮಗಳು ಕೂಸಾಗಿದ್ದಾಗ ತೊಟ್ಟ ಹೂವಿನ ಲಂಗದ ತುಂಡು ಅದು, ಬಣ್ಣ ಹೋಗಿ ಜಿಡ್ಡುಗಟ್ಟಿತ್ತು.

"ಅದೊಂದು ಇರಲಿ ರೀ, ಸದ್ದಾಗುತ್ತೆ!"

"ಆಗಲಿ ಅಂತಲೇ ಬಿಚ್ತಿರೋದು ಕಣೇ. ಇನ್ನು ನಾನು ಎಚ್ಚರವಾಗಿರ್ತೀನಿ."

ಗಂಟು ಮಾತ್ರ ಜಪ್ಪಯ್ಯ ಅಂದರೂ ಬಿಚ್ಚಲಿಲ್ಲ. ಕೊನೆಗೆ ಕಟ್ಟಿದ ಕೈಯೇ ಬರಬೇಕಾಯಿತು. ಆಕೆ ಸ್ವಲ್ಪ ಹೊತ್ತು ಅದನ್ನು ಹಿಡಿದು ನಿಂತರು, ಮತ್ತೆ ಉಗುರಿನಿಂದ ಎಳೆ ಸಡಿಲಿಸಿ ಸುತ್ತು ಸುತ್ತಾಗಿ ಬಿಡಿಸಿದರು. ಒಳಗಿನ ಹಿತ್ತಾಳೆ ನಿನ್ನೆ ಅಂಗಡಿಯಿಂದ ತಂದ ಹಾಗೆ ಹೊಳೆಯುತ್ತಿತ್ತು. ಮಗಳು ಚಿಲಕ ಎಳೆದು ಬಿಟ್ಟಳು. ಠಣ್ಣೆಂದಿತು. ಮತ್ತೊಮ್ಮೆ ಎಳೆದು ಬಿಟ್ಟಳು, ಆಮೇಲೆ ದಿಂಬು ಹುಡುಕದೆ ನಕ್ಕಳು.

"ಟೀ ಬೇಕೇನ್ರೀ?" ಮಾರು ದೂರದಲ್ಲಿದ್ದ ಗಂಡನನ್ನು ಆಕೆ ಎದೆತುಂಬ ಉಸಿರೆಳೆದು ಕೂಗಿ ಕೇಳಿದರು. ಅಭ್ಯಾಸವಿಲ್ಲದ ದನಿ ನಡುವೆ ಒಡೆಯಿತು. ಆಕೆಗೇ ನಾಚಿಕೆಯಾಯಿತು, ಖುಷಿಯೂ ಆಯಿತು.

"ಬೇಕು!" ಎಂದು ಅವರೂ ಕೂಗಿದರು.

ಪಕ್ಕದ ಮನೆಯಾಕೆ ಗಾಬರಿಯಿಂದ ಓಡಿ ಬಂದರು. ಬಂದವರು ಎಂದಿನಂತೆ ತುದಿಗಾಲಲ್ಲಿ ನಿಂತು, ಮಲಗುವ ಕೋಣೆಯ ಕಡೆ ಕಣ್ಣು ಹಾಯಿಸಿ, ಬಾಯಿಗೆ ಕೈ ಅಡ್ಡ ಹಿಡಿದು ಕೇಳಿದರು:

"ಏನಾಯ್ತ್ರೀ?"

"ಏನಿಲ್ಲ, ಬನ್ನಿ ಒಳಗೆ," ಆಕೆ ಬೀದಿಗೆಲ್ಲ ಕೇಳುವಂತೆ ಹೇಳಿದರು. "ನಮ್ಮನೆಯವರು ಎದ್ರು."