ಸಿಟ್ಟಿನ ಲೇಪ

ಚರ್ಮದ ಕ್ಯಾನ್ಸರಿಗೆ ಬ್ಯಾಕ್ಟೀರಿಯಾದ ಲೇಪ ಹಚ್ಚುವ ಚೆನ್ನಬಸವ್ವ ಹುಬ್ಬಳ್ಳಿಯ ತನ್ನ ಓಣಿಗೆಲ್ಲ ಜಗಳಗಂಟಿ. ಆಸ್ಪತ್ರೆಯವರು ಅವಳನ್ನು ಕೆಲಸಕ್ಕೆ ಕರೆದದ್ದೂ ಅದಕ್ಕಾಗಿಯೇ. ಲೇಪದ ಜೀವಿಗಳು ಮೈಯೊಳಗಿನ ಬಿಳಿ ರಕ್ತಕಣಗಳನ್ನು ಎಬ್ಬಿಸಿ ಗಡ್ಡೆಯ ಮೇಲೆ ಛೂ ಬಿಡಬೇಕಾದರೆ ರೋಗಿಗೆ ಸಿಟ್ಟು ಬರಲೇಬೇಕಿತ್ತು; ಬಂದರೆ ಬಿಳಿ ಲೇಪ ಕೆಂಪಾಗುತ್ತಿತ್ತು.

ರೋಗಿ ನೀಲಾಂಬಿಕಾಗೆ ಸಿಟ್ಟೇ ಬರುತ್ತಿರಲಿಲ್ಲ. ಅಂಗಾಲಿನ ಕಪ್ಪು ಗಡ್ಡೆ ಬೆಳೆಯುತ್ತಲೇ ಇತ್ತು. ಇವತ್ತೂ ಲೇಪ ಕೆಂಪಾಗದಿದ್ದರೆ ಕಾಲು ತೆಗೆಯುವುದೇ ದಾರಿ ಎಂದು ಡಾಕ್ಟರು ಹೇಳಿದ್ದರು.

"ನಿನ್ನ ಸೀರಿ ನೋಡಿದ್ರ ಕಿಟಕಿ ಪರದಿ ನೆನಪಾಗ್ತೈತಿ," ಎಂದು ಚೆನ್ನಬಸವ್ವ ಲೇಪ ಸವರುತ್ತ ಶುರು ಮಾಡಿದಳು.

"ಹೌದ್ರಿ, ಪರದಿ ಅರಿವೀನ ಇದು."

"ನೀ ಮಾಡಿದ ಸಾರು ನಾಯೀನೂ ಮೂಸಂಗಿಲ್ಲಂತ."

"ಉಪ್ಪು ಹೆಚ್ಚಾಗಿರಬೇಕ್ರಿ."

ಚೆನ್ನಬಸವ್ವ ಸೋತು ಕೈ ಒರೆಸಿಕೊಂಡಳು. ಲೇಪ ಇನ್ನೂ ಬೆಳ್ಳಗೇ ಇತ್ತು.

ಬಾಗಿಲ ಬಳಿ ಕೂತಿದ್ದ ನೀಲಾಂಬಿಕಾಳ ಗಂಡ ವೀರಭದ್ರಪ್ಪ ಹೆಮ್ಮೆಯಿಂದ ನಕ್ಕ. "ಆಕೀಗೆ ಸಿಟ್ಟು ಬರಂಗಿಲ್ರಿ. ಮದುವಿ ಆದಾಗಿಂದ ಒಂದು ಮಾತು ಎದುರಾಡಿಲ್ಲ. ಹೇಳಾಕ ಏನರ ಇದ್ರ ಹೇಳ್ತಿದ್ಲು."

ನೀಲಾಂಬಿಕಾ ನಿಧಾನವಾಗಿ ಅವನತ್ತ ತಿರುಗಿದಳು. ನುಂಗಿದ ಮಾತುಗಳು ಕರಗಿಹೋಗಿರಬೇಕೆಂದು ಅವಳೂ ತಿಳಿದಿದ್ದಳು. ಒಂದೂ ಕರಗಿರಲಿಲ್ಲ.

"ಇತ್ತು," ಎಂದಳು.

ಅಂಗಾಲಿನ ಲೇಪದಲ್ಲಿ ತೆಳುವಾದ ಗುಲಾಬಿ ಬಣ್ಣ ಮೂಡಿತು. ವೀರಭದ್ರಪ್ಪ ಎದ್ದು ಚಪ್ಪಲಿ ಹುಡುಕತೊಡಗಿದ. "ನಾ ಚಾ ಕುಡದು ಬರ್ತೀನಿ."

"ಸುಮ್ನ ಕುಂದರ್ರಿ," ಎಂದು ಚೆನ್ನಬಸವ್ವ ಬಾಗಿಲಿಗೆ ಅಗುಳಿ ಹಾಕಿದಳು. "ಔಷಧ ಎದ್ದು ಹೋದ್ರ ಹೆಂಗ?"

ನೀಲಾಂಬಿಕಾ ಮದುವೆಯ ಮರುದಿನದಿಂದ ಶುರು ಮಾಡಿದಳು.