ಬಾಯಲ್ಲೊಂದು ಹೊಳೆ

“ಸುಮ್ನೆ ಜುಳುಜುಳು ಅಂತ ಹರಿಸ್ಬಿಡಿ, ಸಾಕು,” ಎಂದರು ನದಿ ಯೋಜನೆಯ ಸಾಹೇಬರು, ನಲ್ಲಿ ರಿಪೇರಿಯವನಿಗೆ ಹೇಳುವ ಹಾಗೆ.

ಗಾಜಿನಾಚೆ ಮೈಕಿನ ಮುಂದೆ ನಿಂತಿದ್ದ ಮಿಮಿಕ್ರಿ ಮಾವ ತಲೆಯಾಡಿಸಿದ. ಕೋಳಿಯಿಂದ ಕೋರ್ಟಿನ ಜಡ್ಜಿನ ತನಕ ಅವನ ಬಾಯಿಗೆ ಸಿಗದ ದನಿಯಿರಲಿಲ್ಲ. ಈಚೆ, ಸಾಹೇಬರ ಪಕ್ಕದಲ್ಲಿ, ರೆಕಾರ್ಡಿಂಗ್ ಮೇಜಿನ ಮುಂದೆ ಅವನ ಅಕ್ಕನ ಮಗಳು ಕೂತಿದ್ದಳು. ಸ್ಟುಡಿಯೋ ತೆರೆದ ಮೇಲೆ ಸಿಕ್ಕ ಮೊದಲ ದೊಡ್ಡ ಕೆಲಸ. ಇದೂ ಕೈತಪ್ಪಿದರೆ ಬಾಗಿಲಿಗೆ ಬೀಗವೇ ಗತಿ.

ಗೋಡೆಯ ಟೀವಿಯಲ್ಲಿ ಯೋಜನೆಯ ಪ್ರಚಾರದ ಚಿತ್ರ ದನಿಯಿಲ್ಲದೆ ಓಡುತ್ತಿತ್ತು. ಊರಿನ ಹೊಳೆ ತಳಕ್ಕೂ ಪಕ್ಕಕ್ಕೂ ಸಿಮೆಂಟು ಬಳಿಸಿಕೊಂಡು, ಬೈತಲೆ ತೆಗೆದಂತೆ ನೆಟ್ಟಗೆ ಮಲಗಿತ್ತು. ಒಂದು ಕಲ್ಲಿಲ್ಲ, ಒಂದು ತಿರುವಿಲ್ಲ. ಅದರ ದನಿ ಹಿಡಿಯಲೆಂದು ಅವಳು ಮೈಕು ಹೊತ್ತು ದಡಕ್ಕೂ ಹೋಗಿ ಬಂದಿದ್ದಳು. ಸಿಕ್ಕಿದ್ದು ಅವಳದೇ ಉಸಿರು. ಅದಕ್ಕೇ ಮಾವನನ್ನು ಕರೆಸಬೇಕಾಯಿತು.

ಮಾವ ಕಣ್ಣು ಮುಚ್ಚಿದ. ನಾಲಿಗೆ ಅಂಗುಳಕ್ಕೆ ತಾಗಿತು, ಕೆನ್ನೆ ಉಬ್ಬಿತು. ಸ್ಪೀಕರಿನಿಂದ ಹೊಳೆಯೇ ಹೊರಬಂತು. ಬಂಡೆಗೆ ಹಾಯ್ದು ಗುಳುಗುಳು ನಕ್ಕಿತು, ತಿರುವಿನಲ್ಲಿ ಮುದುಕಿಯಂತೆ ಗೊಣಗಿತು, ಮರಳಿನ ಮೇಲೆ ಸರಸರ ಸರಿಯಿತು. ಅವಳ ಕಂಪ್ಯೂಟರಿನಲ್ಲಿ ದನಿಯ ಗೆರೆ ಏರಿತು, ಇಳಿಯಿತು, ಬಳುಕಿತು.

“ಭೇಷ್! ಇದೇ, ಇದೇ!” ಸಾಹೇಬರು ಚಪ್ಪಾಳೆ ತಟ್ಟಿದರು.

“ಇದೇ, ಇದೇ ಅಂದ್ರೆ ಯಾವ್ದು?” ಸಾಹೇಬರದೇ ದನಿಯಲ್ಲಿ ಕೇಳಿದ ಮಾವ ಮತ್ತೆ ತನ್ನ ದನಿಗೆ ಬಂದ. “ನಕ್ಕಿದ್ದು ನೀವು ಸಿಡಿಸಿದ ಬಂಡೆ ಸಾರ್. ಗೊಣಗಿದ್ದು ನೀವು ಮುಚ್ಚಿಸಿದ ತಿರುವು. ಸರಸರ ಅಂದ ಮರಳು ಲಾರಿ ಹತ್ತಿ ಹೋಯ್ತು. ಈಗಿನ ಹೊಳೆ ದನಿ ಬೇಕಾ? ಕೇಳಿ.”

ಅವನು ತುಟಿ ಬಿಗಿದು ನಿಂತ. ಸ್ಪೀಕರಿನಿಂದ ಏನೂ ಬರಲಿಲ್ಲ.

“ತಮಾಷೆ ಸಾಕು ಮಾರಾಯ. ಮೊದ್ಲು ಮಾಡಿದ್ದನ್ನೇ ಹಾಕಿದ್ರಾಯ್ತು.”

“ಆಗಲ್ಲ. ಕತ್ತೆ ದನಿ ಮಾಡ್ತೀನಿ, ಮಂತ್ರಿ ದನಿ ಮಾಡ್ತೀನಿ. ಸಾಯಿಸಿದೋರ ಪರವಾಗಿ ಸತ್ತೋರ ದನಿ ಮಾಡಲ್ಲ.”

ಸಾಹೇಬರು ನಕ್ಕು ಅವಳತ್ತ ಬಾಗಿದರು. “ಮಾಡಲ್ವಂತೆ! ಮಾಡಿ ಆಯ್ತಲ್ಲ! ರೆಕಾರ್ಡ್ ಆಗಿದೆ ತಾನೆ? ಅದನ್ನ ಕೊಡಮ್ಮ. ಇನ್ನೂ ಎಷ್ಟೋ ಹೊಳೆ ಬಾಕಿ ಇವೆ ನಮ್ಮ ಕೈಲಿ. ಎಲ್ಲದರ ಚಿತ್ರದ ಕೆಲಸಾನೂ ನಿಂಗೇ.”

ಅವಳು ಗಾಜಿನಾಚೆ ನೋಡಿದಳು. ಮಾವ ಕೈಸನ್ನೆಯನ್ನೂ ಮಾಡಲಿಲ್ಲ. ಬಾಯಿ ಒಣಗಿತ್ತೇನೋ, ನೀರು ಕುಡಿಯುತ್ತಿದ್ದ. ಅವಳಿಗೆ ಬಾಗಿಲಿನ ಬೀಗ ನೆನಪಾಯಿತು. ಬಾಕಿ ಇರುವ ಹೊಳೆಗಳೂ ನೆನಪಾದವು.

ಅವಳು ಅಳಿಸುವ ಗುಂಡಿ ಒತ್ತಿದಳು. ಬಳುಕುತ್ತಿದ್ದ ಗೆರೆ ಈ ತುದಿಯಿಂದ ಆ ತುದಿಗೆ ಸಪಾಟಾಗಿ ಮಲಗಿತು.

“ತಗೊಳ್ಳಿ ಸಾರ್,” ಕಂಪ್ಯೂಟರನ್ನು ಅವರತ್ತ ತಿರುಗಿಸಿದಳು. “ನೆಟ್ಟಗೆ ಮಾಡಿದೀನಿ.”